ನೀವು ಕೇಳಿದಿರಿ: ಕೌನ್ಸೆಲಿಂಗ್ ಕೋಣೆಯಲ್ಲಿ ಕಪ್ಪು ಗಂಡಸರು ಯಾಕೆ ಕಾಣುವುದಿಲ್ಲ?

ಹೋದ ತಿಂಗಳು ಅಮೆರಿಕದ ಮಾನಸಿಕ ಆರೋಗ್ಯ ಸೇವೆಯ ಬಗ್ಗೆ ಬರೆದಿದ್ದೆ. ಅಲ್ಲಿ ಕಪ್ಪು ಸಮುದಾಯದ ಗಂಡಸೊಬ್ಬನಿಗೆ ತನ್ನ ಸಮುದಾಯದವನೇ ಆದ ಥೆರಪಿಸ್ಟ್ ಸಿಗುವುದು ಬಹಳ ಕಷ್ಟ ಅಂತ ನಡುವೆ ಒಂದು ಸಾಲು ಬಂದಿತ್ತು. ಆ ಒಂದೇ ಸಾಲಿನ ಮೇಲೆ ಬಂದ ಪತ್ರಗಳೇ ಜಾಸ್ತಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಈಗ ಮಿನೆಸೋಟದಲ್ಲಿ ಎಂಎಸ್‌ಡಬ್ಲ್ಯು (ಸೋಶಿಯಲ್ ವರ್ಕ್‌ನಲ್ಲಿ ಮಾಸ್ಟರ್ಸ್) ಓದುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಹೆಂಗಸರೇ ಹೆಚ್ಚು, ಕಪ್ಪು ಹುಡುಗ ಅಂತ ಇರುವುದು ಒಬ್ಬನೇ. ಚೆನ್ನಾಗಿ ಓದುತ್ತಾನೆ. ಫೀಲ್ಡ್‌ವರ್ಕ್‌ಗೆ ಹೋದರೆ ಶಾಲೆಯ ಮಕ್ಕಳು ಅವನ ಹಿಂದೆಯೇ ಇರುತ್ತಾರೆ. ಆದರೆ ಈಗ ಓದು ಬಿಡುತ್ತೇನೆ ಅನ್ನುತ್ತಿದ್ದಾನೆ, ‘ಇದು ನನ್ನ ಜಾಗ ಅನ್ನಿಸುತ್ತಿಲ್ಲ’ ಅಂದ. ಕಾಲೇಜೇ ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಂಡಿದೆ, ಮತ್ತೆ ಏನು ತೊಂದರೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಕಪ್ಪು ಗಂಡಸರಿಗೆ ಈ ಕೆಲಸದಲ್ಲಿ ಆಸಕ್ತಿ ಕಡಿಮೆ ಅಂತ ಇಲ್ಲಿ ಕೆಲವರು ಹೇಳುತ್ತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಆಸಕ್ತಿ ಕಡಿಮೆ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ.

ಅಮೆರಿಕದ ಯಾವುದಾದರೂ ದೊಡ್ಡ ಊರಿನ ಮನೋರೋಗ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಹೋಗಿ ನೋಡಿ. ಮಲಗದೆ ಓಡಾಡುವ ರೋಗಿಯ ಜೊತೆ ಹೆಜ್ಜೆ ಹಾಕುವವರು, ಕಿರುಚಿ ಎದ್ದವರ ಪಕ್ಕ ಕೂತು ಮಾತಾಡಿಸುವವರು, ಊಟ ಬೇಡ ಅಂದವರಿಗೆ ಎರಡು ತುತ್ತಾದರೂ ತಿನ್ನಿಸುವವರು ಯಾರು? ಮೆಂಟಲ್ ಹೆಲ್ತ್ ಟೆಕ್ನಿಷಿಯನ್, ಏಡ್ ಅಂತ ಅವರ ಹುದ್ದೆಗೆ ಹೆಸರು. ಅವರಲ್ಲಿ ಕಪ್ಪು ಗಂಡಸರು ಬೇಕಾದಷ್ಟು ಜನ ಇದ್ದಾರೆ. ಗ್ರೂಪ್ ಹೋಮ್‌ಗಳಲ್ಲೂ ಇದ್ದಾರೆ, ವ್ಯಸನ ಬಿಡಿಸುವ ಕೇಂದ್ರಗಳಲ್ಲೂ ಇದ್ದಾರೆ. ಸಂಬಳ ಗಂಟೆ ಲೆಕ್ಕದಲ್ಲಿ. ಆದರೆ ಕಾಯಿಲೆ ಇಂಥದ್ದು ಅಂತ ಬರೆದು ಸಹಿ ಹಾಕುವ ಕುರ್ಚಿಯ ಹತ್ತಿರ ಬಂದರೆ ಅವರು ಕಾಣುವುದಿಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರು ನೂರಕ್ಕೆ 13-14. ಸೈಕಾಲಜಿಸ್ಟ್‌ಗಳಲ್ಲಿ ಅವರು ಸುಮಾರು 4-5, ಮನೋವೈದ್ಯರಲ್ಲಿ ಸುಮಾರು 2. ಸೈಕಾಲಜಿಯಲ್ಲಿ ಮತ್ತು ಸೋಶಿಯಲ್ ವರ್ಕ್‌ನಲ್ಲಿ ಹೆಂಗಸರೇ ಹೆಚ್ಚಿರುವುದರಿಂದ, ಆ ಚಿಕ್ಕ ಪಾಲಿನಲ್ಲೂ ಗಂಡಸರು ಬೆರಳೆಣಿಕೆ.

ಅಂದರೆ ಕೆಲಸಕ್ಕೆ ಅವರು ಬಂದಿದ್ದಾರೆ. ಮೇಲಕ್ಕೆ ಹತ್ತುವ ಮೆಟ್ಟಿಲಲ್ಲೇ ಏನೋ ಆಗುತ್ತಿದೆ. ಮೊದಲನೆಯದು ದುಡ್ಡು. ನಿಮ್ಮ ಕೋರ್ಸಿನಲ್ಲೇ ನೋಡಿ, ಕಡಿಮೆ ಅಂದರೂ 900 ಗಂಟೆ ಫೀಲ್ಡ್‌ವರ್ಕ್ ಮಾಡಬೇಕು, ಬಹಳ ಕಡೆ ಅದಕ್ಕೆ ಒಂದು ಡಾಲರೂ ಕೊಡುವುದಿಲ್ಲ. ಡಿಗ್ರಿ ಆದಮೇಲೆ ಸ್ವತಂತ್ರವಾಗಿ ಥೆರಪಿ ಮಾಡಬೇಕಾದರೆ ಇನ್ನೊಬ್ಬರ ಉಸ್ತುವಾರಿಯಲ್ಲಿ ಮತ್ತೆ ಸಾವಿರಾರು ಗಂಟೆ, ಕ್ಯಾಲಿಫೋರ್ನಿಯದಂಥ ಕಡೆ 3000. ಮನೆಯಲ್ಲಿ ಕೂಡಿಟ್ಟ ಹಣ ಇರುವವನಿಗೆ ಇದು ಕಷ್ಟ, ಅಷ್ಟೇ. ಸಾಲದ ಮೇಲೆ ಓದುತ್ತಾ ಊರಿಗೆ ದುಡ್ಡನ್ನೂ ಕಳಿಸಬೇಕಾದವನಿಗೆ ವಾರ್ಡಿನ ರಾತ್ರಿ ಪಾಳಿಯೇ ಕೈಗೆ ಸಿಗುವ ಕೆಲಸ.

ಇಷ್ಟೆಲ್ಲ ದಾಟಿದರೆ ಮುಂದೆ ಲೈಸೆನ್ಸ್ ಪರೀಕ್ಷೆ. ಸೋಶಿಯಲ್ ವರ್ಕ್ ಪರೀಕ್ಷೆ ನಡೆಸುವ ಮಂಡಳಿ 2022ರಲ್ಲಿ ಮೊದಲ ಬಾರಿಗೆ ಯಾವ ಸಮುದಾಯದವರು ಎಷ್ಟು ಜನ ಪಾಸಾಗುತ್ತಾರೆ ಅಂತ ಅಂಕಿ ಹೊರಗೆ ಬಿಟ್ಟಿತು. ಥೆರಪಿ ಮಾಡಲು ಬೇಕಾದ ಕ್ಲಿನಿಕಲ್ ಪರೀಕ್ಷೆಯಲ್ಲಿ 2021ರಲ್ಲಿ ಮೊದಲ ಯತ್ನಕ್ಕೇ ಪಾಸಾದವರು ಬಿಳಿಯರಲ್ಲಿ ನೂರಕ್ಕೆ 84, ಕಪ್ಪು ಅಭ್ಯರ್ಥಿಗಳಲ್ಲಿ 45. ಇವರೆಲ್ಲ ಒಂದೇ ಥರದ ಡಿಗ್ರಿ ಮುಗಿಸಿ, ಆ ಗಂಟೆಗಳನ್ನೆಲ್ಲ ಪೂರೈಸಿ ಬಂದವರು ಅನ್ನುವುದನ್ನು ಮರೆಯಬೇಡಿ. ಪರೀಕ್ಷೆಯೇ ಸರಿಯಿದೆಯಾ ಅನ್ನುವ ಜಗಳ ಅಲ್ಲಿಂದ ಜೋರಾಯಿತು, ಇನ್ನೂ ನಿಂತಿಲ್ಲ. ನನ್ನನ್ನು ಕೇಳಿದರೆ ಇಷ್ಟು ಅಂತರ ಇರುವಾಗ ಮೊದಲು ಪ್ರಶ್ನೆ ಕೇಳಬೇಕಾದ್ದು ಪರೀಕ್ಷೆಯನ್ನೇ.

ಈಗ ನಿಮ್ಮ ಸಹಪಾಠಿಯ ಮಾತಿಗೆ ಬರುತ್ತೇನೆ. ಸ್ಕಾಲರ್‌ಶಿಪ್ ಅವನನ್ನು ತರಗತಿಯವರೆಗೆ ತಂದಿದೆ, ಸರಿ. ತರಗತಿಯೊಳಗೆ ಏನು ನಡೆಯುತ್ತಿದೆ ಅಂತ ಸ್ವಲ್ಪ ಗಮನಿಸಿ. ಬಡತನ, ಜೈಲು, ಅಪ್ಪ ಇಲ್ಲದ ಮನೆ ಅನ್ನುವ ಪಾಠ ಬಂದಾಗ ಎಲ್ಲರ ಕಣ್ಣು ಅವನ ಕಡೆ ತಿರುಗುತ್ತವಾ? ‘ನಿಮ್ಮ ಸಮುದಾಯದಲ್ಲಿ ಇದು ಹೇಗೆ’ ಅಂತ ಪ್ರೊಫೆಸರ್ ಅವನನ್ನೇ ಕೇಳುತ್ತಾರಾ? ಅವನು ಸ್ವಲ್ಪ ಗಟ್ಟಿಯಾಗಿ ವಾದ ಮಾಡಿದರೆ ಕೋಪಿಷ್ಠ ಅನ್ನಿಸಿಕೊಳ್ಳುತ್ತಾನಾ, ಅದೇ ದನಿಯಲ್ಲಿ ಬೇರೆಯವರು ಮಾತಾಡಿದರೆ ಉತ್ಸಾಹಿ ಅನ್ನುತ್ತಾರಾ? ಫೀಲ್ಡ್‌ವರ್ಕ್ ಜಾಗದಲ್ಲಿ ಬಾಗಿಲು ಕಾಯುವವರು ಅವನ ಐಡಿ ಕಾರ್ಡ್ ಮಾತ್ರ ಮತ್ತೆ ಮತ್ತೆ ಕೇಳುತ್ತಾರಾ? ಮೈಮೇಲೆ ಬರುವ ರೋಗಿಯನ್ನು ಹಿಡಿಯಲು ಅವನನ್ನು ಕರೆದು, ಅದೇ ರೋಗಿಯ ಚಿಕಿತ್ಸೆ ಚರ್ಚೆಗೆ ಬಂದಾಗ ಅವನನ್ನು ಮರೆಯುತ್ತಾರಾ? ಈ ಹಾದಿಯಲ್ಲಿ ಹೋದ ಕಪ್ಪು ಗಂಡಸರು ಹೇಳಿಕೊಳ್ಳುವ ಮಾತುಗಳು ಹೆಚ್ಚುಕಮ್ಮಿ ಇವೇ. ಒಂದೊಂದೂ ಸಣ್ಣದು. ಎರಡು ವರ್ಷ ದಿನಾ ಆದರೆ ಸಣ್ಣದಾಗಿ ಉಳಿಯುವುದಿಲ್ಲ.

‘ನೀನು ಗಟ್ಟಿಗ, ತಡ್ಕೋ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದಾನೆ. ಯಾವ ದಿನ, ಯಾವ ಮಾತು, ಯಾರು ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಇನ್ನೊಂದು ಸಲ ಪ್ರೊಫೆಸರ್ ಅವನ ಕಡೆ ತಿರುಗಿದಾಗ ನೀವು ಕೈ ಎತ್ತಿ ಮಾತಾಡಿ, ಪಾಠದ ಭಾರ ಅವನೊಬ್ಬನ ಮೇಲೆ ಬೀಳುವುದು ಅಷ್ಟಾದರೂ ತಪ್ಪುತ್ತದೆ. ಕಪ್ಪು ಸೋಶಿಯಲ್ ವರ್ಕರ್‌ಗಳ ರಾಷ್ಟ್ರೀಯ ಸಂಘ 1968ರಿಂದ ಇದೆ, ಅಲ್ಲಿ ಹಿರಿಯರು ಸಿಗುತ್ತಾರೆ. ಕಾಲೇಜಿನಲ್ಲಿ ಒಬ್ಬರೂ ಇಲ್ಲದಿದ್ದರೆ ಹೊರಗಿನ ಸೂಪರ್‌ವೈಸರ್ ಕೊಡಿ ಅಂತ ವಿಭಾಗಕ್ಕೆ ಬರೆದು ಕೇಳಬಹುದು. ಅವನೊಬ್ಬನೇ ಕೇಳಿದರೆ ದೂರು ಅಂತ ತೆಗೆದುಕೊಳ್ಳುತ್ತಾರೆ, ಬ್ಯಾಚಿನ ಹತ್ತು ಜನ ಸಹಿ ಹಾಕಿದರೆ ಬೇಡಿಕೆ ಆಗುತ್ತದೆ. ಇಷ್ಟಾದ ಮೇಲೂ ಅವನು ಬಿಟ್ಟು ಹೋದರೆ ಅದು ಅವನ ಸೋಲು ಅಂತ ಯಾರೂ ಹೇಳಲು ಬಿಡಬೇಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಮೈಸೂರು. ಡಾಕ್ಟರ ಮೈಬಣ್ಣ ಯಾಕೆ ನೋಡಬೇಕಮ್ಮಾ? ಒಳ್ಳೆ ವಿದ್ಯೆ, ಒಳ್ಳೆ ಮನಸ್ಸು ಇದ್ದರೆ ಸಾಲದೇ? ಹೀಗೆ ಎಣಿಸುತ್ತಾ ಹೋದರೆ ಭೇದ ಇನ್ನೂ ಹೆಚ್ಚಾಗುವುದಿಲ್ಲವೇ?

ಉತ್ತರ: ಸರ್, ಎಣಿಕೆ ಶುರುವಾಗಿದ್ದು ಬಿಳಿಯರ ಕಡೆಯಿಂದ, ಅದೂ ಬಹಳ ಹಿಂದೆ. 1851ರಲ್ಲಿ ಸ್ಯಾಮುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯ, ಗುಲಾಮರು ಯಜಮಾನರನ್ನು ಬಿಟ್ಟು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಅಂತ ಬರೆದ. ಅದಕ್ಕೆ ಡ್ರಾಪೆಟೊಮೇನಿಯಾ ಅಂತ ಹೆಸರನ್ನೂ ಇಟ್ಟ. ಚಾಟಿ ಏಟನ್ನು ಅದಕ್ಕೆ ಮದ್ದು ಅಂತ ಹೇಳಿದವನೂ ಅವನೇ.

ಅದು ಹಳೆಯ ಕಾಲ ಅನ್ನಬಹುದು. 1960ರ ದಶಕಕ್ಕೆ ಬನ್ನಿ. ಮಿಶಿಗನ್‌ನ ಐಯೋನಿಯಾ ಅನ್ನುವ ಊರಿನಲ್ಲಿ ಸರ್ಕಾರದ ದೊಡ್ಡ ಮನೋರೋಗ ಆಸ್ಪತ್ರೆ ಇತ್ತು. ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಕಾವೇರಿದ ವರ್ಷಗಳಲ್ಲಿ ಡೆಟ್ರಾಯಿಟ್‌ನ ಕಪ್ಪು ಗಂಡಸರನ್ನು ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಮಾನಸಿಕ ಕಾಯಿಲೆ) ಅಂತ ಬರೆದು ಅಲ್ಲಿಗೆ ಸೇರಿಸುವುದು ಹೆಚ್ಚಾಯಿತು. ಅದೇ ಹೊತ್ತಿಗೆ, 1968ರಲ್ಲಿ, ಕಾಯಿಲೆ ಗುರುತಿಸಲು ಮನೋವೈದ್ಯರು ಬಳಸುವ ಕೈಪಿಡಿಯ ಎರಡನೇ ಆವೃತ್ತಿ ಬಂತು. ಆ ಕಾಯಿಲೆಯ ಒಂದು ಬಗೆಯ ವಿವರಣೆಯಲ್ಲಿ ಹಗೆತನ, ಆಕ್ರಮಣ ಅನ್ನುವ ಪದಗಳು ಸೇರಿದವು. ಬೀದಿಗಿಳಿದು ಹಕ್ಕು ಕೇಳುವವನ ಸಿಟ್ಟು ಕಾಯಿಲೆಯ ಲಕ್ಷಣವಾಗಿ ಕಾಣುವುದಕ್ಕೆ ಅಷ್ಟು ಸಾಕಾಯಿತು. ಇವತ್ತಿಗೂ ಕಪ್ಪು ರೋಗಿಗಳಿಗೆ ಈ ಕಾಯಿಲೆಯ ಹೆಸರು ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಲ ಅಂಟುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಖಿನ್ನತೆ ಇದ್ದರೂ ಅದು ಕಣ್ಣಿಗೆ ಬೀಳದೆ ಹೋಗುತ್ತದೆ.

ಇನ್ನು ಸಹಾಯ ಕೇಳಿಕೊಂಡು ಹೋಗುವವನ ಪಾಡು. ನ್ಯೂಯಾರ್ಕಿನ 320 ಥೆರಪಿಸ್ಟ್‌ಗಳಿಗೆ ಫೋನಿನಲ್ಲಿ ಸಂದೇಶ ಬಿಟ್ಟು ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೇಳಿದ ವಿಷಯ ಒಂದೇ, ಹೆಸರು ಮತ್ತು ಮಾತಿನ ಧಾಟಿ ಮಾತ್ರ ಬೇರೆ ಬೇರೆ. ಮಧ್ಯಮ ವರ್ಗದ ಬಿಳಿಯರು ಅನ್ನಿಸುವ ಕರೆಗಳಲ್ಲಿ ನೂರಕ್ಕೆ 28ಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು, ಮಧ್ಯಮ ವರ್ಗದ ಕಪ್ಪು ಜನರು ಅನ್ನಿಸುವ ಕರೆಗಳಲ್ಲಿ 17ಕ್ಕೆ. ಎದುರು ಕೂರುವ ಮೊದಲೇ ಬಣ್ಣ ಕೆಲಸ ಮಾಡಿಬಿಟ್ಟಿದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ ಸುಮಾರು 1300 ಕಪ್ಪು ಗಂಡಸರನ್ನು ಬೇರೆ ಬೇರೆ ವೈದ್ಯರ ಹತ್ತಿರ ಕಳಿಸಿ ನೋಡಿದರು. ಅದು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ, ಫ್ಲೂ ಲಸಿಕೆಯಂಥ ಮೈಯ ಆರೋಗ್ಯದ ವಿಷಯ. ಕಪ್ಪು ವೈದ್ಯರ ಜೊತೆ ಮಾತಾಡಿದವರು ಪರೀಕ್ಷೆಗೆ ಹೆಚ್ಚು ಒಪ್ಪಿಕೊಂಡರು, ರಕ್ತ ತೆಗೆಯುವ, ಸೂಜಿ ಚುಚ್ಚುವ ಪರೀಕ್ಷೆಗಂತೂ ಇನ್ನೂ ಹೆಚ್ಚು. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳಲೇ ನಂಬಿಕೆ ಇಷ್ಟು ಬೇಕಾದರೆ, ಸಣ್ಣವನಿದ್ದಾಗ ಪೊಲೀಸರು ಅಣ್ಣನನ್ನು ಎಳೆದುಕೊಂಡು ಹೋದದ್ದನ್ನು ಹೇಳಿಕೊಳ್ಳಲು ಎಷ್ಟು ಬೇಕು?

ಬಿಳಿ ಥೆರಪಿಸ್ಟ್ ಕಪ್ಪು ರೋಗಿಗೆ ಸಹಾಯ ಮಾಡಲಾರರು ಅಂತ ನಾನು ಹೇಳುವುದಿಲ್ಲ. ದಿನಾ ಮಾಡುತ್ತಿದ್ದಾರೆ. ಆದರೆ ರೋಗಿಗೆ ಆಯ್ಕೆಯೇ ಇಲ್ಲದಿರುವುದು ಅನ್ಯಾಯ. ವಿದ್ಯೆ, ಮನಸ್ಸು ಎರಡೂ ಇರುವ ಹುಡುಗರು ಮೆಟ್ಟಿಲಲ್ಲೇ ನಿಂತಿರುವುದು ಇನ್ನೂ ದೊಡ್ಡ ಅನ್ಯಾಯ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿಎ ಸೈಕಾಲಜಿ ಓದಾಕತ್ತೀನಿ. ನಮ್ಮ ಪುಸ್ತಕದಾಗ ಫ್ರಾಯ್ಡ್, ಯೂಂಗ್, ಸ್ಕಿನ್ನರ್ ಅದಾರ. ಕಪ್ಪು ಸೈಕಾಲಜಿಸ್ಟ್ ಒಬ್ಬರ ಹೆಸರೂ ಇಲ್ಲ. ಹಿಂದ ಯಾರೂ ಇರಲಿಲ್ಲೇನು?

ಉತ್ತರ: ಇದ್ದರು. ನಾಲ್ಕು ಹೆಸರು ಕೊಡುತ್ತೇನೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಫ್ರಾನ್ಸಿಸ್ ಸೆಸಿಲ್ ಸಮ್ನರ್. 1895ರಲ್ಲಿ ಅರ್ಕಾನ್ಸಾದಲ್ಲಿ ಹುಟ್ಟಿದವರು. ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದೆಯೇ ಪರೀಕ್ಷೆ ಬರೆದು ಲಿಂಕನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಅವರನ್ನು ಸೈನ್ಯಕ್ಕೆ ಎಳೆದುಕೊಂಡರು, ಫ್ರಾನ್ಸಿಗೆ ಹೋಗಿ ಬಂದರು. 1920ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು, ಅಮೆರಿಕದಲ್ಲಿ ಸೈಕಾಲಜಿಯಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ವ್ಯಕ್ತಿ ಇವರೇ. ಆಮೇಲೆ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಕಟ್ಟಿದರು.

ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದವರು ಕೆನೆತ್ ಕ್ಲಾರ್ಕ್. ಕೆನೆತ್ ಮತ್ತು ಹೆಂಡತಿ ಮೇಮಿ ಕ್ಲಾರ್ಕ್ ಸೇರಿ ಮಾಡಿದ ಗೊಂಬೆ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಒಳ್ಳೆಯದು ಅಂತ ಕೇಳಿದಾಗ ಬಹಳಷ್ಟು ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಶಾಲೆಗಳಲ್ಲಿ ಬಣ್ಣದ ಭೇದ ಕಾನೂನುಬಾಹಿರ ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕೆನೆತ್ ಅವರ ಬರಹವನ್ನು ಉಲ್ಲೇಖಿಸಿತು. 1971ರ ಹೊತ್ತಿಗೆ ಅವರು ಅಮೆರಿಕದ ಸೈಕಾಲಜಿ ಸಂಘದ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ. ಒಬ್ಬ ಸಮ್ನರ್ ಒಂದು ವಿಭಾಗದಲ್ಲಿ ಕೂತಿದ್ದಕ್ಕೆ ಎಷ್ಟೆಲ್ಲ ಆಯಿತು ನೋಡಿ.

ಮೂರನೆಯವರು ಸಾಲೊಮನ್ ಕಾರ್ಟರ್ ಫುಲ್ಲರ್. ಇವರ ಕಥೆಯೇ ನನ್ನನ್ನು ಹೆಚ್ಚು ಕಾಡುವುದು. 1872ರಲ್ಲಿ ಲೈಬೀರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ಡಾಕ್ಟರಾದರು. 1904ರಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಅಲೋಯಿಸ್ ಆಲ್ಜೈಮರ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಹೌದು, ಇವತ್ತು ನಾವೆಲ್ಲ ಮರೆವಿನ ಕಾಯಿಲೆಗೆ ಹೇಳುವ ಆ ಹೆಸರಿನವರೇ. ಆ ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿ ಮೊದಮೊದಲು ವಿವರವಾಗಿ ಬರೆದವರಲ್ಲಿ ಫುಲ್ಲರ್ ಒಬ್ಬರು. ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದರು, ಬಿಳಿ ಸಹೋದ್ಯೋಗಿಗಳಿಗಿಂತ ಕಡಿಮೆ ಸಂಬಳಕ್ಕೆ. ಕೊನೆಯ ಕೆಲವು ವರ್ಷ ನರರೋಗ ವಿಭಾಗವನ್ನು ಅವರೇ ನಡೆಸಿದರು, ಮುಖ್ಯಸ್ಥ ಅನ್ನುವ ಹುದ್ದೆ ಮಾತ್ರ ಕೊಡಲಿಲ್ಲ. 1933ರಲ್ಲಿ ಆ ಹುದ್ದೆ ಕೊಟ್ಟಿದ್ದು ಅವರಿಗಿಂತ ಕಿರಿಯ ಬಿಳಿ ಸಹೋದ್ಯೋಗಿಗೆ. ಫುಲ್ಲರ್ ನಿವೃತ್ತಿ ತೆಗೆದುಕೊಂಡು ಹೊರಬಂದರು. ಈಗ ಅದೇ ಬೋಸ್ಟನ್ನಿನಲ್ಲಿ ಒಂದು ಮಾನಸಿಕ ಆರೋಗ್ಯ ಕೇಂದ್ರಕ್ಕೆ ಅವರ ಹೆಸರಿದೆ. ನಾಲ್ಕನೆಯವರು ಚೆಸ್ಟರ್ ಪಿಯರ್ಸ್, ಅವರ ಮಾತು ಮುಂದಿನ ಉತ್ತರದಲ್ಲಿ ಬರುತ್ತದೆ.

ಇನ್ನೊಂದು ವಿಷಯ. 1910ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಗುಣಮಟ್ಟ ಅಳೆದ ಫ್ಲೆಕ್ಸ್‌ನರ್ ವರದಿ ಬಂತು. ಅದರ ನಂತರ ಕಪ್ಪು ವಿದ್ಯಾರ್ಥಿಗಳ 7 ಕಾಲೇಜುಗಳಲ್ಲಿ 5 ಮುಚ್ಚಿದವು. ಉಳಿದಿದ್ದು ಹೊವಾರ್ಡ್ ಮತ್ತು ಮೆಹಾರಿ. ಆ ಪೆಟ್ಟು ಎಷ್ಟು ದೂರ ಬಂದಿದೆ ಅಂದರೆ, 1978ರಲ್ಲಿ ದೇಶದಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ಕಪ್ಪು ಗಂಡುಹುಡುಗರು 542, 2014ರಲ್ಲಿ 515. ಮೂವತ್ತಾರು ವರ್ಷ ಕಳೆದು ಸಂಖ್ಯೆ ಇಳಿದಿತ್ತು! ಮನೋವೈದ್ಯರು ಬರಬೇಕಾದ್ದು ಇವರೊಳಗಿಂದಲೇ ಅಲ್ವಾ?

ಪ್ರಶ್ನೆ: ನಾನು ಮಿಶಿಗನ್‌ನಲ್ಲಿ ಮನೋವೈದ್ಯ, ಮೂಲ ದಾವಣಗೆರೆ. ನನ್ನ ಕೈಕೆಳಗೆ ಒಬ್ಬ ಕಪ್ಪು ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯ) ಇದ್ದಾನೆ. ಕೆಲಸ ಚೆನ್ನಾಗಿದೆ, ಆದರೆ ಅವನು ‘ಹೆದರಿಕೆ ಹುಟ್ಟಿಸುತ್ತಾನೆ’ ಅಂತ ಸಿಬ್ಬಂದಿಯ ಮೌಲ್ಯಮಾಪನದಲ್ಲಿ ಎರಡು ಸಲ ಬಂತು. ನಾನೂ ವಲಸೆ ಬಂದವನು, ನಾನೂ ಕಷ್ಟಪಟ್ಟೇ ಬಂದಿದ್ದು. ಎಲ್ಲರನ್ನೂ ಒಂದೇ ಥರ ನೋಡುತ್ತೇನೆ. ಇನ್ನೇನು ಮಾಡಬೇಕು?

ಉತ್ತರ: ಡಾಕ್ಟ್ರೇ, ನೀವು ಪತ್ರ ಬರೆದಿದ್ದು ಸಂತೋಷ. ಅಮೆರಿಕದ ಮನೋವೈದ್ಯರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಹೊರದೇಶದಲ್ಲಿ ಮೆಡಿಕಲ್ ಓದಿ ಬಂದವರು, ಅವರಲ್ಲಿ ನಮ್ಮ ದೇಶದವರು ಬಹಳ. ಹಾಗಾಗಿ ಎಷ್ಟೋ ಕಡೆ ಕಪ್ಪು ಹುಡುಗನ ಹಾಳೆಗೆ ಸಹಿ ಹಾಕುವ ಕೈ ನಮ್ಮದೇ ಆಗಿರುತ್ತದೆ. ನಮಗೆ ಆ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದಿದ್ದು ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲಿ, ಅದೇ ಗಾಳಿಯಲ್ಲಿ. ಆ ಚಳವಳಿಗೆ ಏಟು ತಿಂದವರು ನಿಮ್ಮ ರೆಸಿಡೆಂಟ್‌ನ ಅಜ್ಜ ಅಜ್ಜಿಯರ ತಲೆಮಾರಿನವರು.

ಚೆಸ್ಟರ್ ಪಿಯರ್ಸ್ ಅಂತ ಹಾರ್ವರ್ಡ್‌ನಲ್ಲಿದ್ದ ಕಪ್ಪು ಮನೋವೈದ್ಯರನ್ನು ನೀವು ಓದಿರಬಹುದು. ಮೈಕ್ರೋ ಅಗ್ರೆಶನ್ ಅನ್ನುವ ಪದ 1970ರಲ್ಲಿ ಕೊಟ್ಟವರು ಅವರು. ದಿನಾ ಆಗುವ ಸಣ್ಣ ಸಣ್ಣ ಅವಮಾನಗಳು ಸೇರಿ ಮನುಷ್ಯನನ್ನು ಹೇಗೆ ಸವೆಸುತ್ತವೆ ಅಂತ ಅವರು ಕೆಲಸ ಮಾಡಿದರು. ಕಪ್ಪು ಮನೋವೈದ್ಯರ ಸಂಘದ ಮೊದಲ ಅಧ್ಯಕ್ಷರೂ ಅವರೇ. ನಿಮ್ಮ ರೆಸಿಡೆಂಟ್‌ನ ಮೌಲ್ಯಮಾಪನದ ಆ ಸಾಲನ್ನು ಅವರ ಕಣ್ಣಿನಿಂದ ಓದಿ. ಹೆದರಿಕೆ ಹುಟ್ಟಿಸುತ್ತಾನೆ ಅಂದರೆ ಏನು ಮಾಡಿದ? ಕೂಗಿದನಾ? ಬೆದರಿಸಿದನಾ? ತಾರೀಖು, ಘಟನೆ ಬರೆದು ಕೊಡಿ ಅಂತ ಕೇಳಿ. ಘಟನೆ ಇದ್ದರೆ ಅವನ ಜೊತೆ ಮಾತಾಡಿ, ಇಲ್ಲದಿದ್ದರೆ ಆ ಸಾಲನ್ನು ಕಡತದಿಂದ ತೆಗೆಸಿ. ಎತ್ತರ, ಮೈಕಟ್ಟು, ಗಂಭೀರ ಮುಖ ಯಾವುದೂ ತಪ್ಪಲ್ಲ. ನಾಳೆ ಫೆಲೋಶಿಪ್‌ಗೆ ಅರ್ಜಿ ಹಾಕಿದಾಗ ಆ ಒಂದು ಸಾಲು ಅವನ ಹಿಂದೆಯೇ ಹೋಗುತ್ತದೆ.

ಇವನು ಬೇಡ, ಬೇರೆಯವರನ್ನು ಕಳಿಸಿ ಅಂತ ರೋಗಿ ಅಥವಾ ಮನೆಯವರು ಹೇಳಿದಾಗ ನಿಮ್ಮ ವಾರ್ಡಿನಲ್ಲಿ ಏನು ಮಾಡುತ್ತೀರಿ? ಸುಮ್ನೆ ಬದಲಾಯಿಸಿ ಮುಂದೆ ಹೋಗುತ್ತೀರಾದರೆ ಅವನು ಅದನ್ನು ನೋಡುತ್ತಿರುತ್ತಾನೆ. ರೋಗಿಯ ಎದುರಿಗೇ ‘ಇವರು ನಮ್ಮ ಡಾಕ್ಟರ್, ನಿಮ್ಮ ಚಿಕಿತ್ಸೆ ನೋಡಿಕೊಳ್ಳುವವರು ಇವರೇ’ ಅಂತ ನೀವು ಹೇಳಬೇಕು. ವೈವಿಧ್ಯದ ಸಮಿತಿ, ಹೊಸಬರ ಸಂದರ್ಶನ, ಕಾಲೇಜಿನ ಫೋಟೋ ಎಲ್ಲಕ್ಕೂ ಅವನನ್ನೇ ಕರೆಯುತ್ತಿದ್ದರೆ ಅದಕ್ಕೆ ಡ್ಯೂಟಿಯಿಂದ ಸಮಯ ಬಿಡಿಸಿಕೊಡಿ, ಇಲ್ಲವಾದರೆ ಕರೆಯಬೇಡಿ. ಬೇರೆ ರೆಸಿಡೆಂಟ್‌ಗಳು ಪೇಪರ್ ಬರೆಯುವ ಹೊತ್ತಿನಲ್ಲಿ ಇವನು ಸಭೆಯಲ್ಲಿ ಕೂತಿರುತ್ತಾನೆ.

‘ನಾನೂ ಕಷ್ಟಪಟ್ಟೇ ಬಂದಿದ್ದು’ ಅನ್ನುವ ಮಾತನ್ನು ಅವನ ಮುಂದೆ ಆಡಬೇಡಿ. ನಿಮ್ಮ ಕಷ್ಟ ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಟ್ರಾಫಿಕ್ಕಿನಲ್ಲಿ ಪೊಲೀಸ್ ಕಾರು ಹಿಂದೆ ಬಂದಾಗ ಅವನಿಗೆ ಆಗುವ ಭಯ ಬೇರೆ, ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ನಿಮ್ಮೆದುರು ನಿಲ್ಲುವಾಗ ಅದೂ ಅವನ ಜೊತೆ ಇರುತ್ತದೆ. ಎಲ್ಲರನ್ನೂ ಒಂದೇ ಥರ ನೋಡುವುದು ಒಳ್ಳೆಯದೇ. ಅವನನ್ನು ಸುತ್ತಲಿನವರು ಹಾಗೆ ನೋಡುತ್ತಿಲ್ಲ ಅನ್ನುವುದು ಗೊತ್ತಾದ ಮೇಲೆ ನೀವು ಬಾಯಿ ಬಿಡಬೇಕು.

ಪ್ರಶ್ನೆ: ನನ್ನ ಮಗ ಷಿಕಾಗೋದಲ್ಲಿ ಎಂಎಸ್ ಮಾಡುತ್ತಿದ್ದಾನೆ. ನಿದ್ದೆ ಇಲ್ಲ, ಊಟ ಸೇರಲ್ಲ ಅಂತ ಅಲ್ಲಿಯ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿದ್ದಾನೆ. ಅವನಿಗೆ ಕೊಟ್ಟಿರುವುದು ಕಪ್ಪು ಗಂಡಸು ಕೌನ್ಸೆಲರ್. ನನಗೆ ಒಳಗೊಳಗೇ ಭಯ. ಬದಲಾಯಿಸಿಕೋ ಅಂತ ಹೇಳಲಾ? ಹೆಸರು ಹಾಕಬೇಡಿ. (ಶಿವಮೊಗ್ಗ)

ಉತ್ತರ: ಬೇಡಮ್ಮ, ಹೇಳಬೇಡಿ. ಭಯ ಯಾಕೆ ಅಂತ ನೀವೇ ಒಂದು ಸಲ ಯೋಚನೆ ಮಾಡಿ ನೋಡಿ. ನೀವು ಆ ವ್ಯಕ್ತಿಯನ್ನು ನೋಡಿಲ್ಲ, ಅವರ ಬಗ್ಗೆ ಕೆಟ್ಟದ್ದೂ ಕೇಳಿಲ್ಲ. ಸಿನಿಮಾದಲ್ಲಿ, ಸುದ್ದಿಯಲ್ಲಿ, ಅಲ್ಲಿಂದ ಬಂದ ನೆಂಟರ ಮಾತಿನಲ್ಲಿ ಸೇರಿಕೊಂಡ ಭಯ ಅದು. ಮೇಲೆ ಬರೆದ ಎಲ್ಲ ಮೆಟ್ಟಿಲು ಹತ್ತಿ ಆ ಮನುಷ್ಯ ಆ ಕುರ್ಚಿಯಲ್ಲಿ ಕೂತಿದ್ದಾರೆ. ಹೊಸ ಊರಿನಲ್ಲಿ ಒಂಟಿಯಾಗಿರುವುದು, ಎಲ್ಲರೂ ತನ್ನನ್ನು ಅಳೆಯುತ್ತಿದ್ದಾರೆ ಅನ್ನಿಸುವುದು, ಮನೆಯವರಿಗೆ ಹೇಳಿದರೆ ಗಾಬರಿ ಆಗುತ್ತಾರೆ ಅಂತ ನುಂಗಿಕೊಳ್ಳುವುದು, ಇದೆಲ್ಲ ಅವರಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲದಿರಬಹುದು.

ಆರೇಳು ಸಲ ಹೋಗಿ ಬರಲಿ. ಅವನಿಗೇ ಸರಿ ಹೋಗದಿದ್ದರೆ ಬೇರೆಯವರನ್ನು ಕೇಳುವ ಹಕ್ಕು ಅವನಿಗಿದೆ, ಅದು ಅವನು ತೀರ್ಮಾನಿಸಲಿ. ನೀವು ಫೋನ್ ಮಾಡಿದಾಗ ಕೌನ್ಸೆಲರ್ ಹೇಗಿದ್ದಾರೆ ಅಂತ ವಿಚಾರಿಸಬೇಡಿ. ರಾತ್ರಿ ನಿದ್ದೆ ಬಂತಾ, ಏನು ತಿಂದೆ ಅಂತ ಕೇಳಿ. ಸಾಯುವ ಮಾತು ಬಂದರೆ ಮಾತ್ರ ತಡ ಮಾಡಬೇಡಿ, ಅಮೆರಿಕದಲ್ಲಿ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು ಅಂತ ಅವನಿಗೆ ಇವತ್ತೇ ತಿಳಿಸಿ.